ಊದುವ ಗಂಟೆ

ಮೂವತ್ತು ವರ್ಷ ಆಸ್ಪತ್ರೆಯ ಕೆಟ್ಟ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕು ನಿವೃತ್ತಿಯಾದ ಮೇಲೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರಾದರು. ರೋಗಿಗಳಿಗೆ ನಿಜಕ್ಕೂ ಬೇಕಾದ, ಆದರೆ ಎಲ್ಲೂ ಸಿಗದ ಸಾಧನಗಳನ್ನು ಮಾಡಲು ಕಲಿಸುವುದು ಅವರ ಕೆಲಸ. ಡಿಗ್ರಿ ಇಲ್ಲದ ಮೇಷ್ಟ್ರೆಂದು ಸ್ಟಾಫ್ ರೂಮಿನಲ್ಲಿ ಮೂಗು ಮುರಿದವರಿದ್ದರು. ಇವರು ತಲೆ ಕೆಡಿಸಿಕೊಳ್ಳಲಿಲ್ಲ. ಮುರಿದದ್ದನ್ನು ನೋಡಿಯೇ ವಯಸ್ಸಾದವರು.

ಮೊದಲ ದಿನವೇ ಒಬ್ಬ ವಿದ್ಯಾರ್ಥಿ ಮಾತಾಡುವ ಥರ್ಮಾಮೀಟರ್ ಹಿಡಿದು ಬಂದ.

"ಇದು ಯಾರಿಗೆ ಬೇಕಪ್ಪ?"

"ಅದನ್ನಿನ್ನೂ ಹುಡುಕ್ಬೇಕು ಸಾರ್."

"ಮದ್ದು ಅರೆದಿಟ್ಕೊಂಡು ರೋಗ ಹುಡುಕೋಕೆ ಹೊರಟಿದ್ದೀಯ. ಅದನ್ನ ಚೀಲಕ್ಕೆ ಹಾಕಿ, ಹೋಗಿ ವಾರ್ಡಲ್ಲಿ ಕೂತ್ಕೋ."

ತಿಂಗಳುಗಟ್ಟಲೆ ಸ್ಟೂಲಿನ ಮೇಲೆ ಕೂತು ನೋಡುವುದೇ ಪಾಠ. ಯಾರಿಗೆ, ಏನು, ಯಾಕೆ ಬೇಕು ಎಂದು ಬರೆದು ತರಬೇಕು. ಸೀದಾ ರೋಗಿಗಳನ್ನೇ ಕೇಳಿದ ಜಾಣರೂ ಇದ್ದರು. "ಮನೆಗೆ ಹೋಗ್ಬೇಕು" ಎಂಬ ಒಂದೇ ಉತ್ತರವನ್ನು ಇಪ್ಪತ್ತು ಸಲ ಬರೆದು ತಂದರು. ಹೀಗೆ ನೋಡುತ್ತ ನೋಡುತ್ತ ಎರಡು ವರ್ಷ ಕಳೆದರೂ ಒಂದು ಸಾಧನವೂ ಹುಟ್ಟಲಿಲ್ಲ. ಈ ಸಲವೂ ಬರಿಗೈಯಾದರೆ ತರಗತಿಯನ್ನೇ ಮುಚ್ಚುವುದಾಗಿ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟರು. ಮೇಷ್ಟ್ರಿಗೆ ಊಟ ಸೇರದಂತಾಯಿತು.

ಅಷ್ಟರಲ್ಲಿ ತರಗತಿಯ ಮೂವರು ಹುಡುಗಿಯರ ಕಣ್ಣಿಗೆ ಒಬ್ಬ ಅಜ್ಜಿ ಬಿದ್ದಳು. ಎರಡೂ ಕೈಗೆ ಪ್ಲಾಸ್ಟರ್. ನರ್ಸನ್ನು ಕರೆಯುವ ಗಂಟೆ ಪಕ್ಕದಲ್ಲೇ ಇದ್ದರೂ ಒತ್ತುವಂತಿಲ್ಲ. ಕೂಗಲು ಸಂಕೋಚ, ಅದಕ್ಕೇ ಕೆಮ್ಮುತ್ತಿದ್ದಳು. ನರ್ಸ್ ಬಂದು ಕೆಮ್ಮಿನ ಔಷಧಿ ಕುಡಿಸಿ ಹೋಗುತ್ತಿದ್ದಳು. ಹುಡುಗಿಯರು ಅಜ್ಜಿಯ ತುಟಿಯ ಹತ್ತಿರ ಒಂದು ಕೊಳವೆ ನಿಲ್ಲಿಸಿ, ಊದಿದರೆ ಸದ್ದಾಗುವ ಗಂಟೆ ಮಾಡಿದರು.

ಪರೀಕ್ಷೆಯ ದಿನ ಪ್ರಿನ್ಸಿಪಾಲರು ಪರಿವಾರ ಸಮೇತ ಬಂದು ಮಂಚದ ಸುತ್ತ ನಿಂತರು.

"ಊದಿ ಅಜ್ಜಿ," ಎಂದರು ಮೇಷ್ಟ್ರು.

"ಯಾಕಪ್ಪ? ನಂಗೀಗ ಏನೂ ಬೇಡ."

"ಸುಮ್ನೆ, ಒಂದೇ ಒಂದ್ಸಲ."

"ಸುಮ್ಸುಮ್ನೆ ಯಾರನ್ನಾದ್ರೂ ಕರೀತಾರಾ? ಪಾಪ, ಆ ನರ್ಸ್ ಹುಡುಗಿ ಬೆಳಿಗ್ಗೆಯಿಂದ ಕೂತೇ ಇಲ್ಲ."

ಬೇಡದ್ದನ್ನು ಮಾಡಬೇಡಿ ಎಂದು ಮೂರು ವರ್ಷದಿಂದ ಬಡಕೊಂಡವರು ಮೇಷ್ಟ್ರೇ. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು ಭಾಷಣ ತೆಗೆದರು. ಕಾಲೇಜಿನ ಸ್ಥಾಪನೆಯಿಂದ ಹಿಡಿದು ಹೊಸ ಕಟ್ಟಡದವರೆಗೆ ಕೊರೆದು, ಹದಿನೈದು ನಿಮಿಷದ ಮೇಲೆ ನಿಟ್ಟುಸಿರು ಬಿಟ್ಟು, "ಆದ್ದರಿಂದ ಈ ತರಗತಿಯನ್ನ..." ಎನ್ನುತ್ತಿದ್ದಂತೆ ಗಂಟೆ ಕಿವಿ ತೂತಾಗುವಂತೆ ಕಿರುಚಿತು.

ನರ್ಸ್ ಓಡಿ ಬಂದಳು. "ಏನ್ ಬೇಕಜ್ಜಿ?"

"ಇವರನ್ನೆಲ್ಲ ಆಚೆ ಕಳಿಸಮ್ಮ. ನಾನು ಮಲಗ್ಬೇಕು."

ಅರ್ಧ ನಿಮಿಷದಲ್ಲಿ ಎಲ್ಲರೂ ಕಾರಿಡಾರಿನಲ್ಲಿದ್ದರು. ಮೇಷ್ಟ್ರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಪ್ರಿನ್ಸಿಪಾಲರು ಮುಚ್ಚಿದ ಬಾಗಿಲಿನಿಂದ ಮೇಷ್ಟ್ರ ಕಡೆ ತಿರುಗಿದರು.

"ಕೆಲಸ ಮಾಡುತ್ತೆ ಕಣ್ರೀ. ಮುಂದಿನ ವರ್ಷಾನೂ ಈ ಕ್ಲಾಸು ನೀವೇ ತಗೊಳ್ಳಿ," ಎಂದರು, ಅಜ್ಜಿ ಮತ್ತೆ ಊದಿಬಿಟ್ಟಾಳೆಂದು ದನಿ ತಗ್ಗಿಸಿ.