ಓರೆಗೆ ಬಿದ್ದ ನಾಲ್ಕು

ಅವನನ್ನು ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಹೆಂಡತಿಯೂ ಸಿಟ್ಟು ಬಂದಾಗ ಭೂತಗನ್ನಡಿ ಎಂದೇ ಕರೆಯುತ್ತಿದ್ದಳು, ಅವಳಿಗೆ ಸಿಟ್ಟು ಬರದ ದಿನವೂ ಕಡಿಮೆಯೇ.

ಸೇನೆಯ ಹಳೆಯ ಆಯುಧಗಳ ಸಂಗ್ರಹಾಲಯದಲ್ಲಿ ಬಂದೂಕಿನ ಕೋಣೆ ಅವನ ವಶದಲ್ಲಿತ್ತು. ಎಣ್ಣೆ ಹಚ್ಚಬೇಕು, ತುಕ್ಕು ತೆಗೆಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮುದ್ರೆ ಓದಬೇಕು. ಹಿಂದೆ ಕಾರ್ಖಾನೆಯ ಪರೀಕ್ಷಕರು ಒಂದೊಂದು ಬಂದೂಕನ್ನೂ ಅಳೆದು ನೋಡಿ, ಸರಿಯಿದ್ದರೆ ಲೋಹದ ಮೇಲೆ ಪುಟ್ಟ ಉಂಗುರದೊಳಗೆ ತಮ್ಮ ಅಂಕಿಯನ್ನು ಒತ್ತುತ್ತಿದ್ದರು. ಆಮೇಲೆ ಸೇನೆಯವರು ಬಂದು, ನಾವು ಒಪ್ಪಿದೆವು ಎಂದು ಪಕ್ಕದಲ್ಲೇ ಒಂದು ನಕ್ಷತ್ರ ಒತ್ತುತ್ತಿದ್ದರು. ಅಕ್ಕಿಕಾಳಿನಷ್ಟಿರುವ ಈ ಗುರುತುಗಳನ್ನು ನೋಡಿ ಇದು ಅಸಲು, ಇದು ನಕಲು ಎಂದು ಹೇಳುವುದೇ ಭೂತಗನ್ನಡಿಯ ವಿದ್ಯೆ.

ವಿದ್ಯೆಯೇನೋ ನಿಜವೇ. ಅದರ ಜೊತೆಗಿದ್ದ ಜಂಬ ಮಾತ್ರ ಕೋಣೆಯಲ್ಲಿ ಹಿಡಿಸುತ್ತಿರಲಿಲ್ಲ. ಯಾರಾದರೂ ಅಜ್ಜನ ಬಂದೂಕೆಂದು ಆಸೆಯಿಂದ ಹೊತ್ತು ತಂದರೆ, ಗಾಜು ಕಣ್ಣಿಗಿಟ್ಟು, ಮೂಗು ಮುರಿದು, "ಇದು ನಿನ್ನೆ ಹುಟ್ಟಿದ ಮುದ್ರೆ ಕಣ್ರೀ, ಇನ್ನೂ ಹಾಲುಹಲ್ಲೇ ಬಿದ್ದಿಲ್ಲ" ಎಂದುಬಿಡುವನು. ಬಂದವರು ಮುಖ ಸಪ್ಪಗೆ ಮಾಡಿಕೊಂಡು ಹೋಗುವರು. ಇವನಿಗೆ ಅದರಲ್ಲೇನೋ ಖುಷಿ.

ರಜೆಯ ದಿನ ನೋಡಲು ಬರುವವರ ಮುಂದೆಯಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಆಗ ಅವನ ಮೆಚ್ಚಿನ ವಸ್ತು ಕಿಟಕಿಯ ಪಕ್ಕದ ಒಂದು ಬಂದೂಕು. ಅದರ ಮೇಲೆ ಉಂಗುರದೊಳಗಿನ ನಾಲ್ಕು ನೆಟ್ಟಗಿರಲಿಲ್ಲ, ಓರೆಗೆ ಬಿದ್ದಿತ್ತು. ಪಳಗಿದ ಪರೀಕ್ಷಕರ ಕೈಯಲ್ಲಿ ಹೀಗೆ ಓರೆಯಾಗುವುದುಂಟೇ? ಕಳ್ಳಮುದ್ರೆಯೇ ಸರಿ ಎಂದು ತೀರ್ಮಾನಿಸಿದ್ದ. "ಈ ನಾಲ್ಕನ್ನ ನೋಡಿ. ಪಾಪ, ಕಂಠಮಟ್ಟ ಕುಡಿದು ಬಂದು ನಕ್ಷತ್ರದ ಹೆಗಲಿಗೆ ಒರಗಿಬಿಟ್ಟಿದೆ. ಮನೇಲಿ ಬಾಗಿಲು ತೆಗೀತಿಲ್ಲ ಅನ್ಸುತ್ತೆ." ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೆಲವರಂತೂ ಆ ಮಾತು ಕೇಳಲೆಂದೇ ನೆಂಟರನ್ನು ಕರೆದುಕೊಂಡು ಮತ್ತೆ ಬರುತ್ತಿದ್ದರು.

ಹೋದ ಬೇಸಿಗೆಯಲ್ಲಿ, ಕಳ್ಳಮುದ್ರೆ ಉಳಿದರೆ ಮುಂದೆ ಯಾರಾದರೂ ಮೋಸಹೋಗುತ್ತಾರೆಂದು, ಮೇಲಿನವರ ಒಪ್ಪಿಗೆ ಪಡೆದು ಅರ ಹಿಡಿದು ಅದನ್ನು ಉಜ್ಜಿ ತೆಗೆದ. ಮೊದಲೊಂದು ಫೋಟೊ ತೆಗೆದಿಡೋಣವೇ ಎಂದು ಕಾವಲುಗಾರ ಕೇಳಿದ್ದಕ್ಕೆ, "ಕಳ್ಳನಿಗೆ ಸ್ಟುಡಿಯೋ ಬೇರೆ ಕೇಡು" ಎಂದ.

ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ನಿವೃತ್ತ ನರ್ಸಮ್ಮ ಒಬ್ಬರು ಬಂದರು. ಕೊಡೆಯನ್ನು ಹೊರಗೇ ಇಟ್ಟು, ಚಪ್ಪಲಿ ಒರೆಸಿಕೊಂಡು, ಆಸ್ಪತ್ರೆಯ ವಾರ್ಡಿಗೆ ಬಂದವರ ಹಾಗೆ ಸದ್ದಿಲ್ಲದೆ ಒಳಗೆ ಕಾಲಿಟ್ಟರು.

"ನಮ್ಮಮ್ಮ ಬಂದೂಕಿನ ಕಾರ್ಖಾನೇಲಿ ಪರೀಕ್ಷೆ ಮಾಡ್ತಿದ್ರಂತೆ. ನಾನು ತೊಟ್ಟಿಲಲ್ಲಿದ್ದಾಗಲೇ ಹೋಗಿಬಿಟ್ರು. ಮನೆಯವರು ಒಪ್ಪದ ಮದುವೆ ನೋಡಿ, ಒಂದು ಫೋಟೊನೂ ಉಳಿಸಲಿಲ್ಲ. ಸಾಕಿದ ಚಿಕ್ಕಮ್ಮ ಅವರ ಸುದ್ದೀನೇ ಎತ್ತುತ್ತಿರಲಿಲ್ಲ. ಸಾಯೋ ಮುಂಚೆ ಹೇಳಿದ್ದು ಆ ಮುದ್ರೆ ವಿಷಯ ಒಂದೇ, ನಿಮ್ಮಮ್ಮನ ಅಂಕಿ ನಾಲ್ಕು ಅಂತ."

"ನಾಲ್ಕು ತಾನೇ, ಹುಡುಕೋಣ ಬಿಡಿ ಅಕ್ಕ. ನನ್ನ ಕಣ್ಣು ತಪ್ಪಿಸಿ ಯಾವ ಮುದ್ರೆ ಎಲ್ಲಿಗೆ ಹೋಗುತ್ತೆ" ಎಂದ ಭೂತಗನ್ನಡಿ, ಎಂದಿನ ಗತ್ತಿನಲ್ಲೇ.

"ಸ್ವಲ್ಪ ಓರೆಯಾಗಿರುತ್ತಂತೆ. ಅಮ್ಮಂದು ಎಡಗೈ. ಅಲ್ಲಿನ ಮೇಜು ಬಲಗೈಯವರಿಗೆ ಮಾಡಿದ್ದು. ಎಡಗೈಯಲ್ಲಿ ಸುತ್ತಿಗೆ ಹಿಡಿದ್ರೆ ಅಂಕಿ ಓರೆಗೇ ಬೀಳ್ತಿತ್ತಂತೆ, ಅದಕ್ಕೆ ಬೈಸಿಕೊಳ್ತಿದ್ರಂತೆ. ಬೆರಳಲ್ಲಿ ಒಂದ್ಸಲ ಮುಟ್ಟಿ ನೋಡಬೇಕು ಅಂತ ಆಸೆ, ಅಷ್ಟೇ. ಅಮ್ಮನ ಕೈ ತಾಗಿದ್ದು ಅಂತ ನನ್ನ ಹತ್ರ ಇನ್ನೇನೂ ಇಲ್ಲ."

ಭೂತಗನ್ನಡಿ ಕಿಟಕಿಯ ಕಡೆ ತಿರುಗಿದ. ನೋಡಿ ಹೇಳುತ್ತೇನೆ, ಕೂತಿರಿ ಎಂದು ಬಾಯಿಗೆ ಬಂದದ್ದು ಹೇಳಿ, ಕಿಟಕಿಯ ಪಕ್ಕದ ಬಂದೂಕನ್ನು ಒಳಕೋಣೆಗೆ ಒಯ್ದು ದೀಪದಡಿ ಹಿಡಿದ. ಅರ ಉಜ್ಜಿದಲ್ಲಿ ನುಣುಪಾದ ಒಂದು ತಗ್ಗು. ಅದರ ಅಂಚಿಗೆ ನಕ್ಷತ್ರ. ನಕ್ಷತ್ರದ ಒಂದು ಮೊನೆಯ ಕೆಳಗೆ, ಗಾಜಿಟ್ಟರೆ ಮಾತ್ರ ಕಾಣುವಂತೆ, ಉಂಗುರದ ಕೂದಲೆಳೆಯಷ್ಟು ಚೂರು ಉಳಿದಿತ್ತು. ಅಸಲಿ ನಕ್ಷತ್ರ ಉಂಗುರದ ಮೇಲೆ ಕೂತಿದೆ. ಅಂದರೆ ಉಂಗುರ ಮೊದಲು, ಸೇನೆಯ ನಕ್ಷತ್ರ ಆಮೇಲೆ. ಆಮೇಲೆ ಯಾರೋ ಒತ್ತಿದ ಕಳ್ಳಮುದ್ರೆಯಾಗಿದ್ದರೆ ನಕ್ಷತ್ರದ ಮೇಲೆ ಬೀಳಬೇಕಿತ್ತು. ಯಾವುದು ಮೇಲೆ, ಯಾವುದು ಕೆಳಗೆ ಎಂದು ನೋಡಿ ಆಮೇಲೆ ಬಾಯಿ ತೆಗೆಯಿರಿ ಎಂದು ಹೊಸಬರಿಗೆ ಮೊದಲ ದಿನವೇ ಪಾಠ ಹೇಳುವವನು ಇವನೇ. ನಗಿಸುವ ಆತುರದಲ್ಲಿ ತಾನೇ ನೋಡಿರಲಿಲ್ಲ. ಎಂಥ ನಾಚಿಕೆಗೇಡು! ನೆಲ ಬಿರಿದು ಒಳಗೆ ಹೋದರೂ ಆದೀತು ಅನ್ನಿಸಿತು ಅವನಿಗೆ.

ಹಾಳು ಬುದ್ಧಿ ಅಲ್ಲಿಗೂ ನಿಲ್ಲಲಿಲ್ಲ. ಡಬ್ಬಿಯಲ್ಲಿ ಮುದ್ರೆ ಒತ್ತುವ ಹಳೆಯ ಅಚ್ಚುಗಳಿದ್ದವು, ನಾಲ್ಕರದ್ದೂ ಇತ್ತು. ಓರೆಗಿಟ್ಟು ಒಂದು ಪೆಟ್ಟು ಹಾಕಿದರೆ ಮುಗಿಯಿತು. ಆಕೆ ಮುಟ್ಟಿ, ಕಣ್ಣೊರೆಸಿಕೊಂಡು, ನಿಮಗೆ ಪುಣ್ಯ ಬರಲಿ ಎಂದು ಹರಸಿ ಹೋಗುತ್ತಾರೆ. ಅಚ್ಚು ಇಟ್ಟ, ಸುತ್ತಿಗೆಯನ್ನೂ ಎತ್ತಿದ. ಆಗ ಅವನದೇ ದನಿ ಅವನ ಕಿವಿಯಲ್ಲಿ, ನಿನ್ನೆ ಹುಟ್ಟಿದ ಮುದ್ರೆ ಕಣ್ರೀ ಎಂದಿತು. ಅಚ್ಚನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವರೆದುರು ಮೇಜಿನ ಮೇಲಿಟ್ಟ.

"ಅಕ್ಕ, ಇಲ್ಲಿತ್ತು. ಓರೆಯಾದ ನಾಲ್ಕು. ನಿಮ್ಮಮ್ಮಂದೇ. ನಕಲಿ ಅಂದ್ಕೊಂಡು ನಾನೇ ಉಜ್ಜಿ ತೆಗೆದುಬಿಟ್ಟೆ."

ನರ್ಸಮ್ಮ ಹೆಬ್ಬೆರಳನ್ನು ಆ ತಗ್ಗಿನಲ್ಲಿಟ್ಟು ಸವರಿದರು. ಮಗುವಿನ ಹಣೆ ಬಿಸಿಯಿದೆಯೇ ಎಂದು ನೋಡುವಂತೆ ಬಹಳ ಹೊತ್ತು ಸವರಿದರು. ಬೈದರೆ ಸಾಕಪ್ಪ ಎಂದು ಅವನು ಕಾಯುತ್ತಿದ್ದ.

"ಬೇರೆ ಬಂದೂಕಿನ ಮೇಲೆ ಇಲ್ವಾ?"

"ಇಲ್ಲ ಅಕ್ಕ. ಇದು ಬಂದ ಕಾರ್ಖಾನೇದು ನಮ್ಮಲ್ಲಿ ಇದೊಂದೇ."

"ಹಾಗಾದ್ರೆ ನೋಡಿದೋರು ನೀವೇ. ಹೇಗಿತ್ತು, ಹೇಳಿ."

ಭೂತಗನ್ನಡಿ ಬಾಯಿ ತೆರೆದ. ಗೆರೆಯ ಆಳ, ಅಂಕಿಯ ಕಾಲು, ಯಾವುದೂ ನೆನಪಿಗೆ ಬರಲಿಲ್ಲ. ಅದನ್ನು ಅವನು ಸರಿಯಾಗಿ ನೋಡಿದ್ದೇ ಇಲ್ಲ. ನೆನಪಿದ್ದದ್ದು ಅದನ್ನು ತೋರಿಸಿ ಆಡುತ್ತಿದ್ದ ಮಾತು ಮಾತ್ರ.

"ನಾನು... ಅದನ್ನ ತೋರಿಸಿ ತಮಾಷೆ ಮಾಡ್ತಿದ್ದೆ ಅಕ್ಕ. ಬಂದೋರೆಲ್ಲ ನಗ್ತಿದ್ರು."

"ಏನಂತ?"

"ಬೇಡ ಬಿಡಿ. ಅದು ಹೇಳೋ ಮಾತಲ್ಲ."

"ಹೇಳಿ. ಅಮ್ಮನ ವಿಷಯ ಯಾರೂ ನನಗೆ ಇಷ್ಟು ಬಿಟ್ಟು ಬೇರೇನೂ ಹೇಳಿಲ್ಲ. ತಮಾಷೇನೇ ಆದ್ರೂ ಆಗ್ಲಿ."

ನೆಲ ನೋಡುತ್ತ ಹೇಳಿದ. ಕುಡಿದು ಬಂದದ್ದು, ನಕ್ಷತ್ರದ ಹೆಗಲಿಗೆ ಒರಗಿದ್ದು, ಬಾಗಿಲು ತೆಗೆಯದಿದ್ದದ್ದು. ದನಿಯಲ್ಲಿ ಜೀವವಿರಲಿಲ್ಲ. ಆದರೂ ನರ್ಸಮ್ಮ ನಕ್ಕರು. ನಿಜವಾಗಿಯೇ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಬ್ಬೆರಳು ಮಾತ್ರ ತಗ್ಗಿನಿಂದ ಏಳಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದರು.

ಅವನು ತಲೆ ಎತ್ತದೆ ಮೊದಲಿನಿಂದ ಹೇಳಿದ.