ಅಪ್ಪನ ಎಡೆಯ ಗ್ಲಾಸು

ಹಿರಿಯರ ಹಬ್ಬದ ಎಡೆ ಇಟ್ಟು ಮುಚ್ಚಿದ್ದ ಬಾಗಿಲು ತೆಗೆದ ಕೂಡಲೇ ನನ್ನ ತಮ್ಮ ಕೈ ಹಾಕಿದ್ದು ಅಪ್ಪನ ಫೋಟೋದ ಮುಂದಿದ್ದ ಬ್ರಾಂದಿ ಗ್ಲಾಸಿಗೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಡುವುದು, ಆಮೇಲೆ ಅದನ್ನು ಮಗ ಮೊದಲು ಬಾಯಿಗಿಡುವುದು ಬಳ್ಳಿಗಾವಿ ಪಕ್ಕದ ನಮ್ಮ ತವರಿನ ಪದ್ಧತಿ. ಆದರೆ ಕುಡಿತ ಬಿಡಿಸುವ ಶಿಬಿರದಿಂದ ತಮ್ಮ ಬಂದ ಮೇಲೆ ಇದೇ ಮೊದಲ ಹಬ್ಬ. ಅವನ ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು.

“ಅದು ಕುಡಿಯೋದಲ್ಲ, ಎಡೆ. ಸುಮ್ನಿರ್ರೇ,” ಅಂದಳು ಅವ್ವ ನಮ್ಮಿಬ್ಬರಿಗೂ. ಅವ್ವನ ಮೇಲೆ ನನಗೆ ಸಿಟ್ಟು ಬಂತು. ಆದರೆ ಬೆಳಿಗ್ಗೆ ಅಂಗಡಿಗೆ ಹೋಗಿ ಬಾಟಲಿ ತಂದವನು ತಮ್ಮನೇ.

ಅವನು ಗ್ಲಾಸನ್ನು ತುಟಿಗೆ ತಾಗಿಸಿದ. ಒಂದು ಹನಿ ನುಂಗಿರಬೇಕು. ಹಾಗೇ ಕೆಳಗಿಟ್ಟು, ದೂರ ಸರಿಸಿದ. ಆಮೇಲೆ ನನ್ನತ್ತ ತಿರುಗಿದ.

“ಅಕ್ಕಾ, ಈಗ ನಾ ಬಿಟ್ಟಂಗೋ, ಮತ್ತೆ ಹಿಡದಂಗೋ? ನೀನೇ ಹೇಳು.”

ನಾನು ಅವನ ಎಲೆಗೆ ಕಡುಬು ಬಡಿಸಿದೆ.

ಸೊರಬದ ನನ್ನ ಮನೆಗೆ ಮರಳಿದಾಗ ಪಕ್ಕದ ಮನೆಯವರು, “ನಿಮ್ಮ ತಮ್ಮ ಕುಡಿಯೋದು ಬಿಟ್ಟಂಗಾಯ್ತೇನ್ರೀ?” ಎಂದು ಕೇಳಿದರು. ಹಬ್ಬಕ್ಕೆ ಮೊದಲಾದರೆ ಥಟ್ಟನೆ ಹೌದೆನ್ನುತ್ತಿದ್ದೆ. ಅವನು ಗ್ಲಾಸು ಎತ್ತಿದ್ದನ್ನೂ ನೋಡಿದ್ದೇನೆ, ತುಂಬಿದ ಗ್ಲಾಸನ್ನು ಕೆಳಗಿಟ್ಟಿದ್ದನ್ನೂ ನೋಡಿದ್ದೇನೆ. ಯಾವುದನ್ನು ಹೇಳಲಿ?