ಆಚೆ ದಡದ ಕೇಸರಿ ಫ್ಲೋಟ್

ದೆವ್ವ, ಗಾಳಿ, ನೆರಳು ಎನ್ನುವ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದಾಗ, ಅಂಥ ಕಥೆ ಹೇಳಿ ಸಣ್ಣವರನ್ನು ಹೆದರಿಸುವ ಹುಡುಗರನ್ನು ಮೈದಾನದ ಸುತ್ತ ಓಡಿಸುತ್ತಿದ್ದೆ. ಬೆವರು ಬಂದವನಿಗೆ ದೆವ್ವ ಕಾಣುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಈಗಲೂ ಬೆಳಗಿನ ಜಾವ ಏಳುತ್ತೇನೆ, ತಣ್ಣೀರು ಸ್ನಾನ ಮಾಡುತ್ತೇನೆ, ನನ್ನ ಹಾಸಿಗೆಯನ್ನು ನಾನೇ ಮಡಿಸಿಡುತ್ತೇನೆ. ಕಣ್ಣು, ತಲೆ ಎರಡೂ ನೆಟ್ಟಗಿವೆ. ಇಷ್ಟೆಲ್ಲ ಇದ್ದೂ, ಕೆಲವು ವರ್ಷಗಳ ಹಿಂದೆ ಹಾಡಹಗಲೇ ಕಂಡದ್ದೊಂದಕ್ಕೆ ನನ್ನಲ್ಲಿ ಉತ್ತರವಿಲ್ಲ. ಓದಿದವರು ನಂಬಲೇಬೇಕೆಂದು ನಾನೇನೂ ಕೇಳುವುದಿಲ್ಲ.

ನಿವೃತ್ತನಾದ ಮೇಲೆ ಬೆಳಗಾವಿಯ ಒಂದು ಈಜುಕೊಳದಲ್ಲಿ ಹುಡುಗರಿಗೆ ಈಜು ಕಲಿಸುತ್ತಿದ್ದೆ. ಅವರಲ್ಲಿ ಇಮ್ತಿಯಾಜ್ ಎಂಬವನು ಉದ್ಯಮಬಾಗದಲ್ಲಿ ಮರಳಿನ ಅಚ್ಚಿಗೆ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ನೇರವಾಗಿ ಕೊಳಕ್ಕೆ ಬರುತ್ತಿದ್ದ. ಮೈಗೆಲ್ಲ ಸುಟ್ಟ ಮರಳಿನ ವಾಸನೆ. ಸಾಬೂನು ಹಚ್ಚಿ ತೊಳೆದುಕೊಳ್ಳದ ಹೊರತು ನಾನು ಅವನನ್ನು ನೀರಿಗೆ ಬಿಡುತ್ತಿರಲಿಲ್ಲ.

"ಸರ್, ದಿನಾ ಇಷ್ಟು ತಿಕ್ಕಿದ್ರ ನಾನು ಸವದ ಹೋಗ್ತೀನ್ರಿ" ಎಂದು ನಗುತ್ತಿದ್ದ.

ಆದರೆ ನೀರಿಗಿಳಿದ ಮೇಲೆ ಅವನಷ್ಟು ಶಾಂತವಾಗಿ ಈಜುವವರನ್ನು ನಾನು ಕಂಡಿರಲಿಲ್ಲ.

ಆ ವರ್ಷ ಖಾನಾಪುರ ತಾಲ್ಲೂಕಿನ ದೊಡ್ಡ ಕೆರೆಯೊಂದರಲ್ಲಿ ಈಜು ಸ್ಪರ್ಧೆ ಏರ್ಪಾಡಾಯಿತು. ಗೆದ್ದವರಿಗೆ ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವ ಅವಕಾಶ. ಸುರಕ್ಷತೆಯ ಹೊಣೆಯನ್ನು ನನಗೆ ವಹಿಸಿದರು. ಕೊಳ ಬೇರೆ, ಕೆರೆ ಬೇರೆ. ಕೆರೆಯಲ್ಲಿ ಹಿಡಿದುಕೊಳ್ಳಲು ಅಂಚಿಲ್ಲ, ನಡುನೀರಿನಲ್ಲಿ ತಳ ಕಾಣುವುದಿಲ್ಲ. ಮುಳುಗುವವನು ಕೂಗುವುದೂ ಇಲ್ಲ, ಸದ್ದಿಲ್ಲದೆ ಇಳಿದುಹೋಗುತ್ತಾನೆ. ಆದ್ದರಿಂದ ನಾನು ಎರಡು ದೋಣಿ ಕೇಳಿದೆ. ಎಲ್ಲರೂ ಫ್ಲೋಟ್ ಕಟ್ಟಿಕೊಳ್ಳಲೇಬೇಕು ಎಂದೆ. ಅದು ಗಾಳಿ ತುಂಬಿದ ಕೇಸರಿ ಬಣ್ಣದ ಚೀಲ. ಸೊಂಟಕ್ಕೆ ಕಟ್ಟಿಕೊಂಡರೆ ಈಜುವವನ ಹಿಂದೆ ತೇಲುತ್ತ ಬರುತ್ತದೆ. ದಣಿವಾದರೆ ಅದನ್ನು ಅಪ್ಪಿಕೊಂಡು ಒಂದು ಕೈಯನ್ನು ನೇರವಾಗಿ ಮೇಲೆತ್ತಬೇಕು. ಕೈ ಕಂಡೊಡನೆ ದೋಣಿ ಹೊರಡಬೇಕು. ಯಾರು, ಏಕೆ ಎಂಬ ವಿಚಾರಣೆ ಆಮೇಲೆ. ಇದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆ.

ನಮ್ಮ ಕಡೆ ಮಕ್ಕಳು ಬಾವಿಯಲ್ಲಿ ಈಸು ಕಲಿಯುವಾಗ ಬೆನ್ನಿಗೆ ಖಾಲಿ ಡಬ್ಬಿ ಕಟ್ಟುತ್ತಾರೆ. ಡಬ್ಬಿ ಬಿಚ್ಚಿದ ದಿನ ಹುಡುಗ ದೊಡ್ಡವನಾದ ಎಂದು ಅರ್ಥ. ಫ್ಲೋಟ್ ನೋಡಿದ ಕೂಡಲೇ ಎಲ್ಲರಿಗೂ ಆ ಡಬ್ಬಿಯೇ ನೆನಪಾಯಿತು. ಸ್ಪರ್ಧೆಯ ಬೆಳಿಗ್ಗೆ ಇಮ್ತಿಯಾಜ್ ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟು ಅದನ್ನು ಕಟ್ಟಿಕೊಂಡು ಬಂದ. ಉಳಿದವರು ಬಿಟ್ಟಾರೆಯೇ?

"ಏ, ಡಬ್ಬಿ ಗಟ್ಟಿ ಕಟ್ಟೀಯೇನೋ? ನಿಮ್ಮ ಅಮ್ಮೀನ್ನೂ ಕರಕೊಂಡ ಬರಬೇಕಿತ್ತಪಾ, ದಂಡಿ ಮ್ಯಾಲ ಕುಂದರ್ತಿದ್ಲು!"

ನಾನು ಸಂಘಟಕರ ಬಳಿ ಹೋಗಿ, ಫ್ಲೋಟ್ ಇಲ್ಲದವರನ್ನು ನೀರಿಗೆ ಬಿಡಬೇಡಿ ಎಂದೆ.

"ಹಂಗಂದ್ರ ಎಲ್ಲಾರೂ ಬಟ್ಟಿ ಹಾಕ್ಕೊಂಡ ಮನಿಗೆ ಹೋಗ್ತಾರ್ರಿ ಮಾಸ್ತರ. ಬೇಕಾದವ್ರು ಕಟ್ಕೊಳ್ಳಲಿ, ಬಿಡ್ರಿ" ಎಂದರು ಹಿರಿಯ ಸಂಘಟಕರು.

ಎರಡನೆಯ ದೋಣಿ ಎಲ್ಲಿ ಎಂದು ಕೇಳಿದೆ. ಅದು ಫೋಟೋದವರಿಗೆ ಮತ್ತು ಅತಿಥಿಗಳಿಗೆ ಎಂದು ದಡಕ್ಕೆ ಕಟ್ಟಿದ್ದರು.

ಹೀಗೆ ಒಂದೇ ದೋಣಿಯಲ್ಲಿ ನಾನು ಕೆರೆಯ ನಡುವೆ ಕುಳಿತೆ. ಹುಟ್ಟು ಹಾಕಲು ಅಲ್ಲಿಯೇ ಮೀನು ಹಿಡಿಯುವ ಪರಶುರಾಮ ಇದ್ದ. ಸ್ಪರ್ಧೆ ಶುರುವಾಯಿತು. ಬಿಸಿಲು ನಿಚ್ಚಳವಾಗಿತ್ತು, ಗಾಳಿ ಇರಲಿಲ್ಲ. ಈಜುವವರೆಲ್ಲ ನಮ್ಮನ್ನು ದಾಟಿ, ಗುರುತಿಗೆ ತೇಲಿಬಿಟ್ಟ ಪೀಪಾಯಿಯನ್ನು ಸುತ್ತಿ, ತಿರುಗಿ ಬರುತ್ತಿದ್ದರು. ಗುಂಪಿನ ಆ ಎರಚಾಟದಲ್ಲಿ ಯಾರು ಯಾರೆಂದು ನಾನು ಗುರುತಿಸಿರಲಿಲ್ಲ. ಆಗ ಪರಶುರಾಮ ಹುಟ್ಟು ನಿಲ್ಲಿಸಿದ.

"ಮಾಸ್ತರ, ಆ ಬಾಜು ನೋಡ್ರಿ. ಕೈ ಮ್ಯಾಲ ಐತಿ."

ಸ್ಪರ್ಧೆಯ ದಾರಿಯಿಂದ ತುಂಬ ದೂರ, ಆಚೆ ದಡದ ಹತ್ತಿರ, ಕೇಸರಿ ಫ್ಲೋಟ್ ಒಂದು ತೇಲುತ್ತಿತ್ತು. ಅದನ್ನು ಅಪ್ಪಿಕೊಂಡವನ ಕೈ ನೇರವಾಗಿ ಮೇಲೆದ್ದಿತ್ತು. ಫ್ಲೋಟ್ ಕಟ್ಟಿಕೊಂಡಿದ್ದವನು ಇಮ್ತಿಯಾಜ್ ಒಬ್ಬನೇ; ಅಷ್ಟು ದೂರ ಅವನು ಹೇಗೆ ಹೋದ ಎಂದು ಆಶ್ಚರ್ಯವಾಯಿತು, ಆದರೆ ನಿಯಮ ನನ್ನದೇ. "ಹುಟ್ಟು ಹೊಡಿ" ಎಂದೆ. ಹತ್ತಿರವಾದಂತೆ ಮುಖವೂ ಕಂಡಿತು. ಇಮ್ತಿಯಾಜ್. ನಾನು ಹೆಸರು ಹಿಡಿದು ಕೂಗಿದೆ. ಅವನು ನಮ್ಮತ್ತಲೇ ನೋಡುತ್ತಿದ್ದ. ಕೈ ಒಂದಿಷ್ಟೂ ಅಲುಗಲಿಲ್ಲ. ನಾನು ಹೇಗೆ ಕಲಿಸಿದ್ದೆನೋ ಹಾಗೆಯೇ ಇತ್ತು. ಇನ್ನೇನು ಹುಟ್ಟು ಚಾಚಬೇಕು ಅನ್ನುವಷ್ಟರಲ್ಲಿ ಅವನಿರಲಿಲ್ಲ. ಫ್ಲೋಟೂ ಇರಲಿಲ್ಲ. ಮುಳುಗಲಿಲ್ಲ, ಸರಿಯಲಿಲ್ಲ, ಇರಲಿಲ್ಲ, ಅಷ್ಟೆ. ಪರಶುರಾಮ ಹುಟ್ಟನ್ನು ನೀರಿಗಿಳಿಸಿದ. ಅಲ್ಲಿ ಸೊಂಟದ ಮಟ್ಟದ ನೀರು. ತಳದ ರಾಡಿ ಕೂಡ ಕದಡಿರಲಿಲ್ಲ.

ಆಗ ಈಚೆ ದಡದಿಂದ ಸೀಟಿ ಕೇಳಿತು, ಮೇಲಿಂದ ಮೇಲೆ.

ನಾವು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆರೆಯ ನಡುವೆ, ನಮ್ಮ ದೋಣಿ ನಿಲ್ಲಬೇಕಾಗಿದ್ದ ಜಾಗದಲ್ಲಿಯೇ, ಇಮ್ತಿಯಾಜ್ ಇಳಿದುಹೋಗಿದ್ದ. ಹಿಂದೆ ಬರುತ್ತಿದ್ದ ಒಬ್ಬ ಅವನನ್ನು ಕಂಡಿದ್ದ. ಮೊದಲು ಮುಳುಗು ಹಾಕಿದನೆಂದು ತಿಳಿದು, ಆಮೇಲೆ ಗಾಬರಿಯಾಗಿ ಚೀರಿದ್ದ. ಫೋಟೋದವರ ದೋಣಿಯ ಹಗ್ಗ ಬಿಚ್ಚಿ ಹೊರಡುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು. ಮಧ್ಯಾಹ್ನ ಊರಿನವರು ಅವನನ್ನು ಮೇಲೆ ತಂದರು. ಸೊಂಟಕ್ಕೆ ಫ್ಲೋಟ್ ಇರಲಿಲ್ಲ. ಹುಡುಗರ ಕುಚೋದ್ಯ ತಾಳದೆ, ನೀರಿಗಿಳಿಯುವ ಮುನ್ನ ಅದನ್ನು ಬಿಚ್ಚಿ ತಂಗಿ ಶಬಾನಾಳ ಕೈಗೆ ಕೊಟ್ಟಿದ್ದ. ಆ ಹುಡುಗಿ ಬೆಳಗಿನಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡು ಏರಿಯ ಮೇಲೆ ಕುಳಿತಿದ್ದಳು. ಅಂದು ಆ ಕೆರೆಗೆ ಬಂದದ್ದು ಅದೊಂದೇ ಕೇಸರಿ ಫ್ಲೋಟ್.

ಕಂಡದ್ದನ್ನು ಹೇಳಿದಾಗ ಸಂಘಟಕರು, ಮಾಸ್ತರರಿಗೆ ವಯಸ್ಸಾಯಿತು, ಬಿಸಿಲಿಗೆ ಕಣ್ಣು ಮಂಜಾಗಿರಬೇಕು ಎಂದರು. ಪರಶುರಾಮ ಸಿಟ್ಟಾಗಿ, "ನನ್ನ ಕಣ್ಣೂ ಹೋಗ್ಯಾವೇನ್ರಿ? ಖರೇ ಹೇಳ್ತೀನಿ, ಆ ಹುಡುಗನ್ನ ನೋಡೀನಿ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಥೆಗಳಲ್ಲಿ ಇಂಥ ನೋಟ ಯಾರನ್ನಾದರೂ ಉಳಿಸುತ್ತದೆ. ನಾನು ಕಂಡದ್ದು ದೋಣಿಯನ್ನು ದೂರ ಎಳೆದುಕೊಂಡು ಹೋಗಿ ಒಬ್ಬನನ್ನು ಮುಳುಗಿಸಿತು. ಎರಡನೆಯ ದೋಣಿ ನೀರಿನಲ್ಲಿ ಇದ್ದಿದ್ದರೆ ಇದು ಚಹಾ ಕುಡಿಯುತ್ತ ಹೇಳುವ ಕಥೆಯಾಗುತ್ತಿತ್ತು. ಇಮ್ತಿಯಾಜನೇ ಅಭಿನಯಿಸಿ ತೋರಿಸಿ ನಗಿಸುತ್ತಿದ್ದ. ಮರುವರ್ಷ ಅದೇ ಕೆರೆಯಲ್ಲಿ ಅವನ ಫೋಟೋಗೆ ಹಾರ ಹಾಕಿ ಮೌನ ಆಚರಿಸಿದರು. ಫ್ಲೋಟ್ ಬೇಕಾದವರಿಗೆ ಎಂದೇ ಉಳಿಯಿತು. ಅತಿಥಿಗಳ ದೋಣಿ ದಡದಲ್ಲೇ ಇತ್ತು. ಹೇಳುವಷ್ಟು ಹೇಳಿದೆ, ಜಗಳವಾಡಿದೆ, ಕೊನೆಗೆ ಎದ್ದು ಬಂದೆ. ಈಗ ಕಲಿಸುವುದನ್ನೂ ಬಿಟ್ಟಿದ್ದೇನೆ. ಕೈ ಕಂಡರೆ ಹೋಗು ಎಂದು ಯಾವ ಬಾಯಿಂದ ಹೇಳಲಿ? ಹೋಗಬೇಡ ಎಂದಾದರೂ ಹೇಗೆ ಹೇಳಲಿ?

ಇಮ್ತಿಯಾಜನ ಮಣ್ಣಾದ ಕೆಲವು ದಿನಗಳ ಮೇಲೆ ಅವರ ಮನೆಗೆ ಹೋಗಿದ್ದೆ. ತಾಯಿ ಒಳಗೆ ಮಲಗಿದ್ದರು. ಶಬಾನಾ ನೀರು ತಂದುಕೊಟ್ಟು, ಬಾಗಿಲ ಬಳಿ ನಿಂತು ಕೇಳಿದಳು.

"ನೀವು ನೋಡಿದಾಗ ಭಾಯಿ ಅಂಜಿದ್ನೇನ್ರಿ ಸರ್?"

"ಇಲ್ಲವ್ವ" ಎಂದೆ.

ಅವಳ ಸಮಾಧಾನಕ್ಕೆ ಹೇಳಿದ್ದಲ್ಲ, ಅದು ನಿಜ. ಆ ಮುಖದಲ್ಲಿ ಅಂಜಿಕೆಯ ಸುಳಿವೂ ಇರಲಿಲ್ಲ. ಇನ್ನು ಭಯವಿಲ್ಲ, ದೋಣಿ ಬಂದೇ ಬಿಟ್ಟಿತು ಎನ್ನುವವನ ಮುಖ ಅದು. ಅದೇ ಗಳಿಗೆಯಲ್ಲಿ ನಮ್ಮ ಬೆನ್ನ ಹಿಂದೆ ಅವನು ಮುಳುಗುತ್ತಿದ್ದ. ಯಾವ ದೋಣಿಯನ್ನು ನಂಬಿ ಅವನು ಅಷ್ಟು ನಿಶ್ಚಿಂತನಾಗಿದ್ದನೋ, ನನಗೆ ತಿಳಿಯದು.